ಹಳೆಯ ಇವಿಗೆ ಬೆಲೆ ಕಟ್ಟುವುದು

ಮೂರು ನಾಲ್ಕು ವರ್ಷ ಓಡಿದ ಪೆಟ್ರೋಲ್ ಕಾರಿನ ಬೆಲೆಯನ್ನು ದಲ್ಲಾಳಿಗಳು ಬಾನೆಟ್ ಎತ್ತುವ ಮೊದಲೇ ಹೇಳಿಬಿಡುತ್ತಾರೆ. ಯಾವ ವರ್ಷದ ಮಾಡೆಲ್, ಎಷ್ಟು ಕಿಲೋಮೀಟರ್, ಎಷ್ಟನೇ ಓನರ್ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಲೆಕ್ಕ ಮುಗಿಯಿತು. ಹಸಿರು ನಂಬರ್ ಪ್ಲೇಟಿನ ಕಾರು ಬಂದು ನಿಂತಾಗ ಆ ಮೂರು ಉತ್ತರ ಸಾಲುವುದಿಲ್ಲ. ಭಾರತದಲ್ಲಿ ಮಧ್ಯಮ ವರ್ಗದವರು ವಿದ್ಯುತ್ ಕಾರನ್ನು ಗಂಭೀರವಾಗಿ ಪರಿಗಣಿಸತೊಡಗಿದ್ದು 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇವಿ ಬಂದ ಮೇಲೆ. ಆ ಪೀಳಿಗೆಯ ಕಾರುಗಳು ಈಗ ಎರಡನೇ ಕೈಗೆ ದಾಟುತ್ತಿವೆ, ಅವುಗಳಿಗೆ ಬೆಲೆ ಕಟ್ಟುವ ರೂಢಿ ಇನ್ನೂ ನೆಲೆ ನಿಂತಿಲ್ಲ. ಕೆಳಗಿನ ಮಾತುಕತೆ ಇಬ್ಬರದು: ಒಬ್ಬರು ಅಂಥ ಕಾರು ಕೊಳ್ಳಬೇಕೆಂದಿರುವವರು, ಇನ್ನೊಬ್ಬರು ಹಳೆಯ ಕಾರುಗಳನ್ನು ತಪಾಸಣೆ ಮಾಡಿ ವರದಿ ಕೊಡುವವರು.

ಕೊಳ್ಳುವವರು: ಹದಿನೇಳು ಲಕ್ಷ ಕೊಟ್ಟು ತಂದ ಇವಿಯನ್ನು ಮೂರು ವರ್ಷಕ್ಕೇ ಒಂಬತ್ತಕ್ಕೆ ಬಿಡುತ್ತೇನೆ ಅನ್ನುವವರಿದ್ದಾರೆ. ಅಷ್ಟೇ ಬೆಲೆಯ ಪೆಟ್ರೋಲ್ ಕಾರಿಗೆ ಹನ್ನೆರಡರಿಂದ ಕೆಳಗೆ ಮಾತೇ ಇಲ್ಲ. ಬ್ಯಾಟರಿ ಸೋತಿದೆ ಅಂತಲೇ ಅಲ್ಲವೇ ಇದರ ಅರ್ಥ?

ಪರೀಕ್ಷಕರು: ಬ್ಯಾಟರಿಯ ವಿಚಾರಕ್ಕೆ ಬರೋಣ ಮೇಡಂ, ಮೊದಲು ಶೋರೂಮಿನ ಬೆಲೆಪಟ್ಟಿ ನೋಡಿ. ಹಳೆಯ ಕಾರಿನ ಬೆಲೆ ನಿಂತಿರುವುದು ಹೊಸದರ ಬೆಲೆಯ ಮೇಲೆ. 2024ರ ಫೆಬ್ರವರಿಯಲ್ಲಿ ಟಾಟಾ ನೆಕ್ಸಾನ್ ಇವಿಯ ಬೆಲೆಯನ್ನು 1.2 ಲಕ್ಷದವರೆಗೆ, ಟಿಯಾಗೊ ಇವಿಯದನ್ನು 70 ಸಾವಿರದವರೆಗೆ ಇಳಿಸಿತು. ಸೆಲ್ ಅಗ್ಗವಾಯಿತು, ಅದರ ಲಾಭ ಗ್ರಾಹಕರಿಗೆ ಅಂದರು. ಅದೇ ವರ್ಷದ ಹಬ್ಬದ ಸೀಸನ್ನಿನಲ್ಲಿ ನೆಕ್ಸಾನ್ ಇವಿ ಮೇಲೆ ಮತ್ತೆ 3 ಲಕ್ಷದವರೆಗೆ ಕಡಿತ ಕೊಟ್ಟರು, ಆರಂಭದ ಬೆಲೆ 12.49 ಲಕ್ಷಕ್ಕೆ ಬಂತು. ಹೊಸದೇ ಆ ಬೆಲೆಗೆ ಸಿಗುವಾಗ ಮೂರು ವರ್ಷದ್ದಕ್ಕೆ ಹನ್ನೆರಡು ಕೊಡುವವರು ಯಾರು? ಒಂದು ಕಿಲೋಮೀಟರ್ ಓಡಿಸದೆ ಮನೆ ಮುಂದೆ ನಿಲ್ಲಿಸಿಕೊಂಡಿದ್ದರೂ ಅಷ್ಟು ದುಡ್ಡು ಹೋಗಿಯೇ ಹೋಗುತ್ತಿತ್ತು. ಅದರಲ್ಲಿ ಬ್ಯಾಟರಿಯ ತಪ್ಪೇನೂ ಇಲ್ಲ.

ಕೊಳ್ಳುವವರು: ನಮ್ಮಲ್ಲಿ ಮಾತ್ರ ಹೀಗೋ, ಹೊರಗೂ ಹೀಗೆಯೋ?

ಪರೀಕ್ಷಕರು: ಹೊರಗೆ ಇದರ ದೊಡ್ಡ ಪಾಠವೇ ಆಗಿದೆ. ಅಮೆರಿಕದ ಬಾಡಿಗೆ ಕಾರು ಕಂಪನಿ ಹರ್ಟ್ಜ್ 2021ರ ಅಕ್ಟೋಬರಿನಲ್ಲಿ ಒಂದು ಲಕ್ಷ ಟೆಸ್ಲಾ ಕಾರು ಕೊಳ್ಳುವುದಾಗಿ ಸಾರಿತ್ತು. 2023ರ ಜನವರಿಯಲ್ಲಿ ಟೆಸ್ಲಾ ತನ್ನ ಕೆಲವು ಮಾಡೆಲ್‌ಗಳ ಬೆಲೆಯನ್ನು ಶೇ. 20ರವರೆಗೆ ಕತ್ತರಿಸಿತು. ಹರ್ಟ್ಜ್‌ನ ಪಾರ್ಕಿಂಗಿನಲ್ಲಿದ್ದ ಕಾರುಗಳ ಬೆಲೆಯೂ ಅದರ ಜೊತೆಗೇ ಕುಸಿಯಿತು. ಅಪಘಾತದ ರಿಪೇರಿ ಖರ್ಚು ಅಂದಾಜಿಗಿಂತ ಜಾಸ್ತಿ ಬರುತ್ತಿತ್ತು ಬೇರೆ. 2024ರ ಜನವರಿಯಲ್ಲಿ ಸುಮಾರು 20 ಸಾವಿರ ಇವಿಗಳನ್ನು ಮಾರುವುದಾಗಿ ಹೇಳಿ, ಬೆಲೆ ಕುಸಿತದ ಲೆಕ್ಕದಲ್ಲಿ 24 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ತೋರಿಸಿತು. ಅಷ್ಟೊಂದು ಕಾರು ಒಮ್ಮೆಗೇ ಹಳೆಯ ಕಾರಿನ ಮಾರುಕಟ್ಟೆಗೆ ಬಂದಾಗ ಉಳಿದವರ ಕಾರಿನ ಬೆಲೆಯೂ ಇಳಿಯಿತು. ಒಬ್ಬನೇ ದೊಡ್ಡ ಮಾರಾಟಗಾರ ಹೇಗೆ ಬೆಲೆ ಕೆಡಿಸಬಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮಲ್ಲೂ ವಿದ್ಯುತ್ ಟ್ಯಾಕ್ಸಿ ಸೇವೆ ಬ್ಲೂಸ್ಮಾರ್ಟ್ 2025ರ ಏಪ್ರಿಲಿನಲ್ಲಿ ನಿಂತುಹೋದಾಗ ಸಾವಿರಾರು ಕಾರುಗಳು ಕೆಲಸವಿಲ್ಲದೆ ನಿಂತವು.

ಕೊಳ್ಳುವವರು: ತೆರಿಗೆಯ ಕೈವಾಡವೂ ಇರಬೇಕಲ್ಲ.

ಪರೀಕ್ಷಕರು: ಇದೆ, ಅದೂ ವಿಚಿತ್ರ ರೀತಿಯಲ್ಲಿ. ಕರ್ನಾಟಕದಲ್ಲಿ 10ರಿಂದ 20 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ. 17ರಷ್ಟು ಜೀವಿತಾವಧಿ ತೆರಿಗೆ ಕಟ್ಟಬೇಕಿತ್ತು. ಇವಿಗೆ ಸರ್ಕಾರ 2016ರಿಂದ ವಿನಾಯಿತಿ ಕೊಟ್ಟುಕೊಂಡು ಬಂತು, 2024ರಲ್ಲಿ 25 ಲಕ್ಷ ಮೀರಿದವುಗಳಿಗೆ ಮಾತ್ರ ಶೇ. 10 ಹಾಕಿತು. ಹೊಸ ಕಾರು ಕೊಳ್ಳುವಾಗ ಇದು ಉಪಕಾರ. ಮಾರುವಾಗ ಅದೇ ಉಪಕಾರ ಕೈಕೊಡುತ್ತದೆ. ಹಳೆಯ ಪೆಟ್ರೋಲ್ ಕಾರಿನ ಬೆಲೆಯಲ್ಲಿ ಆಗಲೇ ಕಟ್ಟಿದ ತೆರಿಗೆಯ ಒಂದು ಪಾಲು ಸೇರಿಕೊಂಡಿರುತ್ತದೆ, ಇವಿಗೆ ಆ ಪಾಲು ಇಲ್ಲ. ಜಿಎಸ್‌ಟಿಯೂ ಹಾಗೆಯೇ. ಹೊಸ ಇವಿಗೆ ಶೇ. 5. ವ್ಯಾಪಾರಿಯಿಂದ ಹಳೆಯ ಇವಿ ಕೊಂಡರೆ ಅವನ ಲಾಭದ ಅಂತರದ ಮೇಲೆ ಶೇ. 18, ಇದು 2024ರ ಡಿಸೆಂಬರಿನ ಜಿಎಸ್‌ಟಿ ಮಂಡಳಿ ಸಭೆಯ ತೀರ್ಮಾನ. ವ್ಯಾಪಾರಿಯಿಲ್ಲದೆ ಮಾಲೀಕರೇ ನೇರವಾಗಿ ಮಾರಿದರೆ ಜಿಎಸ್‌ಟಿ ಬರುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿಯಿತು, ಇವಿಗಿದ್ದ ಅನುಕೂಲ ಅಲ್ಲಿಗೆ ಅಷ್ಟು ಕಿರಿದಾಯಿತು.

ಕೊಳ್ಳುವವರು: ಅಂದರೆ ಕೊಳ್ಳುವವರೇ ಕಡಿಮೆ ಎನ್ನಿ.

ಪರೀಕ್ಷಕರು: ಕಡಿಮೆಯೇ. 2024ರಲ್ಲಿ ದೇಶದಲ್ಲಿ ಸುಮಾರು 43 ಲಕ್ಷ ಪ್ರಯಾಣಿಕ ವಾಹನ ಮಾರಾಟವಾದರೆ ಅದರಲ್ಲಿ ಇವಿ ಒಂದು ಲಕ್ಷದ ಆಸುಪಾಸು. ಹೊಸದಕ್ಕೇ ಇಷ್ಟು ಗಿರಾಕಿ ಅಂದಮೇಲೆ ಹಳೆಯದಕ್ಕೆ ಇನ್ನೂ ಕಡಿಮೆ. ಸ್ವಂತ ಪಾರ್ಕಿಂಗ್ ಬೇಕು, ಅಲ್ಲಿ 15 ಆಂಪ್ ಪ್ಲಗ್ ಬೇಕು, ಅಪಾರ್ಟ್‌ಮೆಂಟ್ ಆದರೆ ಸಂಘದ ಒಪ್ಪಿಗೆ ಬೇಕು. ಕರ್ನಾಟಕದಲ್ಲಿ 2024ರ ಕೊನೆಗೆ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು ಐದು ಸಾವಿರ ದಾಟಿದ್ದವು, ದೇಶದಲ್ಲೇ ಅತಿ ಹೆಚ್ಚು. ಆದರೆ ಬಹುಪಾಲು ಬೆಂಗಳೂರಿನಲ್ಲೇ ಇವೆ. ಬೀದರ್‌ನವರಿಗೆ, ಕಾರವಾರದವರಿಗೆ ಆ ಸಂಖ್ಯೆಯಿಂದ ಏನು ಬಂತು? ಗಿರಾಕಿ ಸಿಗುವ ತನಕ ಕಾರು ಯಾರ್ಡಿನಲ್ಲಿ ನಿಂತಿರುತ್ತದೆ. ಹಾಗೆ ನಿಲ್ಲುವ ತಿಂಗಳುಗಳ ಬಡ್ಡಿಯನ್ನು ವ್ಯಾಪಾರಿ ಮೊದಲೇ ಮುರಿದುಕೊಂಡು ಬೆಲೆ ಹೇಳುತ್ತಾನೆ.

ಕೊಳ್ಳುವವರು: ಸರಿ, ಈಗ ಬ್ಯಾಟರಿಗೆ ಬನ್ನಿ. ರೇವಾ ಕಾರಿನ ಕಥೆ ಬೆಂಗಳೂರಿನವರಿಗೆ ಮರೆತಿಲ್ಲ. ಆ ಪುಟ್ಟ ಕಾರಿನವರು ಕೆಲವು ವರ್ಷಕ್ಕೊಮ್ಮೆ ಬ್ಯಾಟರಿ ಸೆಟ್ಟನ್ನೇ ಬದಲಾಯಿಸುತ್ತಿದ್ದರು.

ಪರೀಕ್ಷಕರು: 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾದಲ್ಲಿ ಇದ್ದದ್ದು ಸೀಸ-ಆಮ್ಲದ ಬ್ಯಾಟರಿ, ಮನೆಯ ಯುಪಿಎಸ್‌ನ ಜಾತಿಯದು. ಅದು ಸೋಲುತ್ತಿದ್ದುದು ನಿಜ. ಇಂದಿನ ಕಾರುಗಳಲ್ಲಿ ಇರುವುದು ಲಿಥಿಯಂ-ಅಯಾನ್, ಅದು ಸವೆಯುವ ಬಗೆಯೇ ಬೇರೆ. ಎರಡು ಸವೆತ ಒಟ್ಟಿಗೆ ನಡೆಯುತ್ತವೆ. ಒಂದು ವಯಸ್ಸಿನದು: ಕಾರು ನಿಂತಿದ್ದರೂ ಸೆಲ್ಲಿನೊಳಗೆ ರಾಸಾಯನಿಕ ಕ್ರಿಯೆ ನಡೆಯುತ್ತಲೇ ಇರುತ್ತದೆ, ಕರೆಂಟು ಹೊರುವ ಲಿಥಿಯಂ ಸ್ವಲ್ಪ ಸ್ವಲ್ಪವೇ ಸಿಕ್ಕಿಬೀಳುತ್ತದೆ. ಇನ್ನೊಂದು ಬಳಕೆಯದು: ತುಂಬಿಸಿ ಖಾಲಿ ಮಾಡುವ ಪ್ರತಿ ಸುತ್ತೂ ಒಂದಿಷ್ಟು ಶಕ್ತಿ ತಿನ್ನುತ್ತದೆ. ಎರಡನ್ನೂ ಉಲ್ಬಣಿಸುವುದು ಬಿಸಿ. ನೂರಕ್ಕೆ ಚಾರ್ಜ್ ಮಾಡಿ ಏಪ್ರಿಲ್ ಬಿಸಿಲಲ್ಲಿ ವಾರಗಟ್ಟಲೆ ನಿಲ್ಲಿಸುವುದು, ದಿನವೂ ಫಾಸ್ಟ್ ಚಾರ್ಜರಿಗೇ ಕಟ್ಟುವುದು ಇವೆಲ್ಲ ಅದರ ಆಯಸ್ಸು ಕಡಿಮೆ ಮಾಡುತ್ತವೆ. ಹಾಗೆಂದು ವಿಪರೀತ ಹೆದರಬೇಕಿಲ್ಲ. ಸಾವಿರಾರು ಕಾರುಗಳ ದಾಖಲೆ ನೋಡಿದ ಅಧ್ಯಯನಗಳಲ್ಲಿ ಸರಾಸರಿ ಸವೆತ ವರ್ಷಕ್ಕೆ ಸುಮಾರು ಶೇ. 2ರ ಆಸುಪಾಸಿನಲ್ಲಿದೆ. ಆ ಲೆಕ್ಕದಲ್ಲಿ ಐದು ವರ್ಷದ ಕಾರಿನಲ್ಲಿ ಶೇ. 90ರಷ್ಟು ಉಳಿದಿರಬೇಕು.

ಕೊಳ್ಳುವವರು: ಸರಾಸರಿ ಯಾರಿಗೆ ಬೇಕು? ಕಲಬುರಗಿ, ರಾಯಚೂರಿನ ಬಿಸಿಲಿಗೆ ಅದು ನಿಲ್ಲುತ್ತದೆಯೇ?

ಪರೀಕ್ಷಕರು: ಅದು ಸರಿಯಾದ ಪ್ರಶ್ನೆ. ಅಮೆರಿಕದ ಅರಿಜೋನಾದಲ್ಲಿ ಅದಕ್ಕೆ ಉತ್ತರವಿದೆ. 2010ರ ಕೊನೆಗೆ ಬಂದ ನಿಸಾನ್ ಲೀಫ್‌ನ ಬ್ಯಾಟರಿ ಪ್ಯಾಕನ್ನು ತಣ್ಣಗಿಡಲು ದ್ರವವೂ ಇರಲಿಲ್ಲ, ಫ್ಯಾನೂ ಇರಲಿಲ್ಲ. ಮರುಭೂಮಿಯ ಶೆಕೆಗೆ ಎರಡೇ ವರ್ಷದೊಳಗೆ ಅಲ್ಲಿನವರ ಡ್ಯಾಶ್‌ಬೋರ್ಡಿನ ಸಾಮರ್ಥ್ಯದ ಗೆರೆಗಳು ಒಂದೊಂದಾಗಿ ಮಾಯವಾದವು. 2012ರಲ್ಲಿ ದೊಡ್ಡ ಗಲಾಟೆ ಆಯಿತು, ಆಮೇಲೆ ನಿಸಾನ್ ಸಾಮರ್ಥ್ಯಕ್ಕೂ ವಾರಂಟಿ ಕೊಟ್ಟಿತು: ಐದು ವರ್ಷ ಅಥವಾ 60 ಸಾವಿರ ಮೈಲಿಯೊಳಗೆ ಹನ್ನೆರಡು ಗೆರೆಯಲ್ಲಿ ಒಂಬತ್ತಕ್ಕಿಂತ ಕೆಳಗೆ ಇಳಿದರೆ ರಿಪೇರಿ ಇಲ್ಲವೇ ಬದಲಿ. ಇಂದು ಬಹುತೇಕ ವಾರಂಟಿಗಳು ಅದೇ ಜಾಡಿನಲ್ಲಿವೆ. ಆದ್ದರಿಂದ ಬಿಸಿಲ ಸೀಮೆಯವರು ಮೊದಲು ಕೇಳಬೇಕಾದ್ದು ಪ್ಯಾಕಿಗೆ ದ್ರವದ ತಂಪು ವ್ಯವಸ್ಥೆ ಇದೆಯೋ ಇಲ್ಲವೋ ಎಂದು. ಎರಡನೆಯದು ಸೆಲ್ಲಿನ ಜಾತಿ. ನೆಕ್ಸಾನ್ ಇವಿ, ಎಂಜಿ ವಿಂಡ್ಸರ್, ಮಹೀಂದ್ರಾ ಬಿಇ 6 ಇವುಗಳಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಇವೆ, ಎಲ್‌ಎಫ್‌ಪಿ ಅನ್ನುತ್ತಾರೆ. ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಸೆಲ್ಲಿಗೆ ಹೋಲಿಸಿದರೆ ಇದರ ತೂಕ ಜಾಸ್ತಿ, ಆದರೆ ಬಾಳಿಕೆಯೂ ಜಾಸ್ತಿ, ಬೆಂಕಿಯ ಭಯವೂ ಕಡಿಮೆ.

ಕೊಳ್ಳುವವರು: ಒಂದು ವೇಳೆ ಪ್ಯಾಕೇ ಹೋದರೆ? ಕಾರಿನ ಅರ್ಧ ಬೆಲೆ ಅಂತ ಎಲ್ಲರೂ ಹೇಳುತ್ತಾರೆ.

ಪರೀಕ್ಷಕರು: ಲೆಕ್ಕ ಹಾಕಿ ನೋಡಿ. ಬ್ಲೂಮ್‌ಬರ್ಗ್‌ಎನ್‌ಇಎಫ್ ಸಮೀಕ್ಷೆಯಲ್ಲಿ 2024ರ ಜಾಗತಿಕ ಸರಾಸರಿ ಪ್ಯಾಕ್ ಬೆಲೆ ಪ್ರತಿ ಕಿಲೋವ್ಯಾಟ್ ಅವರ್‌ಗೆ 115 ಡಾಲರ್, ಹಿಂದಿನ ವರ್ಷಕ್ಕಿಂತ ಶೇ. 20 ಕಡಿಮೆ. ಕಿಲೋವ್ಯಾಟ್ ಅವರ್ ಅಂದರೆ ಕರೆಂಟ್ ಬಿಲ್ಲಿನ ಯೂನಿಟ್ಟೇ. 30 ಯೂನಿಟ್ಟಿನ ಪ್ಯಾಕಿಗೆ ಸುಮಾರು 3,450 ಡಾಲರ್, ಆಗಿನ ವಿನಿಮಯ ದರದಲ್ಲಿ ಮೂರು ಲಕ್ಷಕ್ಕೆ ಸ್ವಲ್ಪ ಕಡಿಮೆ. ಆದರೆ ಇದು ಕಾರು ಕಂಪನಿಗೆ ಬೀಳುವ ಸಗಟು ಬೆಲೆ. ಸರ್ವಿಸ್ ಸೆಂಟರಿನವರು ನಿಮಗೆ ಕೊಡುವ ಎಸ್ಟಿಮೇಟಿನಲ್ಲಿ ಜಿಎಸ್‌ಟಿ, ಡೀಲರ್ ಕಮಿಷನ್, ಕೂಲಿ ಎಲ್ಲ ಕೂಡಿ ಅಂಕಿ ಎಲ್ಲಿಗೋ ಹೋಗಿರುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರವೇ ಜನರ ಭಯದ ಮೂಲ, ಆ ಭಯ ಅಕಾರಣ ಎಂದು ನಾನು ಹೇಳುವುದಿಲ್ಲ. ಇನ್ನೊಂದು ವಿಷಯ: ಇಡೀ ಪ್ಯಾಕ್ ಒಮ್ಮೆಗೇ ಸಾಯುವುದು ಅಪರೂಪ. ಒಂದು ಮಾಡ್ಯೂಲೋ, ಒಂದು ಸಂಪರ್ಕವೋ ಕೆಡುತ್ತದೆ. ಬಿಚ್ಚಿ ಅದೊಂದನ್ನೇ ಸರಿಮಾಡುವ ಗ್ಯಾರೇಜುಗಳು ಜಿಲ್ಲಾ ಕೇಂದ್ರಗಳಲ್ಲಿ ಬಂದ ದಿನ ಹಳೆಯ ಇವಿಯ ಬೆಲೆ ತಾನಾಗಿ ಏರುತ್ತದೆ.

ಕೊಳ್ಳುವವರು: ಈಗ ಎಲ್ಲ ಕಂಪನಿಯವರೂ ಜೀವಮಾನದ ವಾರಂಟಿ ಅನ್ನುತ್ತಿದ್ದಾರಲ್ಲ, ಮತ್ತೇಕೆ ಚಿಂತೆ?

ಪರೀಕ್ಷಕರು: ಯಾರ ಜೀವಮಾನ ಎಂದು ಕೇಳಬೇಕು. 2024ರ ಸೆಪ್ಟೆಂಬರಿನಲ್ಲಿ ಬಂದ ವಿಂಡ್ಸರ್‌ನ ಜೀವಮಾನದ ವಾರಂಟಿ ಮೊದಲ ಮಾಲೀಕರಿಗೆ. ಎರಡನೆಯವರಿಗೆ ದಾಟಿದರೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಮಹೀಂದ್ರಾದ ಬಿಇ 6, ಎಕ್ಸ್‌ಇವಿ 9ಇ ಕಾರುಗಳಲ್ಲಿ ಹಕ್ಕು ಬದಲಾದಾಗ 10 ವರ್ಷ ಅಥವಾ 2 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಈ ವರ್ಷಗಳ ಲೆಕ್ಕ ನೀವು ಕೊಂಡ ದಿನದಿಂದ ಅಲ್ಲ, ಕಾರು ಮೊದಲು ರಸ್ತೆಗಿಳಿದ ದಿನದಿಂದ. ಮೂರು ವರ್ಷದ ಕಾರಿಗೆ ಎಂಟು ವರ್ಷದ ವಾರಂಟಿ ಅಂದರೆ ನಿಮ್ಮ ಪಾಲಿಗೆ ಐದೇ. ಕಿಲೋಮೀಟರಿನ ಮಿತಿ ಅದಕ್ಕಿಂತ ಮುಂಚೆಯೇ ಮುಗಿಯಬಹುದು. ಇನ್ನು ಟ್ಯಾಕ್ಸಿಯಾಗಿ ಓಡಿದ್ದ ಕಾರಿಗೆ ಷರತ್ತೇ ಬೇರೆ. ಹಸಿರು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದದ್ದನ್ನು ಬಿಳಿ ಮಾಡಿಸಿದ್ದಾರೋ ಎಂದು ಆರ್‌ಸಿ ಹಿಸ್ಟರಿಯಲ್ಲಿ ನೋಡಿ.

ಕೊಳ್ಳುವವರು: ಬ್ಯಾಟರಿ ಬಾಡಿಗೆಗೆ ಕೊಡುವ ಯೋಜನೆಯಲ್ಲಿ ಈ ತಲೆನೋವೇ ಇಲ್ಲವಂತೆ.

ಪರೀಕ್ಷಕರು: ತಲೆನೋವು ಬೇರೆ ಹೆಸರಲ್ಲಿ ಬರುತ್ತದೆ. ವಿಂಡ್ಸರ್ ಬಂದಾಗ ಕಾರಿಗೆ 9.99 ಲಕ್ಷ, ಬ್ಯಾಟರಿಗೆ ಕಿಲೋಮೀಟರಿಗೆ 3.50 ರೂಪಾಯಿ ಎಂಬ ಲೆಕ್ಕವಿತ್ತು. ಪೂರ್ತಿ ಕೊಳ್ಳುವುದಾದರೆ 13.50 ಲಕ್ಷ. ಬಾಡಿಗೆ ಯೋಜನೆಯ ಕಾರು ಮಾರಾಟಕ್ಕೆ ಬಂದರೆ ಬ್ಯಾಟರಿಯ ಕರಾರು ನಿಮ್ಮ ಹೆಸರಿಗೆ ವರ್ಗವಾಗಬೇಕು, ಇಲ್ಲವೇ ಹಿಂದಿನವರು ಅದನ್ನು ತೀರಿಸಿರಬೇಕು. ಅದು ಬಗೆಹರಿಯದೆ ಆರ್‌ಸಿ ಕೈಗೆ ಬಂದರೂ ಪ್ರಯೋಜನವಿಲ್ಲ.

ಕೊಳ್ಳುವವರು: ಬ್ಯಾಟರಿ ಎಷ್ಟು ಉಳಿದಿದೆ ಎಂದು ನಾವೇ ತಿಳಿಯುವುದು ಹೇಗೆ? ಮಾರುವವರು ಹೇಳಿದ್ದನ್ನು ನಂಬಬೇಕೆ?

ಪರೀಕ್ಷಕರು: ನಂಬಬೇಕಾಗಿಲ್ಲ, ಅಳೆಯಬಹುದು. ಡ್ಯಾಶ್‌ಬೋರ್ಡಿನಲ್ಲಿ ಇನ್ನು ಇಷ್ಟು ಕಿಲೋಮೀಟರ್ ಓಡುತ್ತದೆ ಎಂದು ಕಾಣುವ ಅಂಕಿಯನ್ನು ಲೆಕ್ಕಕ್ಕೆ ಇಡಬೇಡಿ. ಅದು ಹಿಂದಿನ ಕೆಲವು ದಿನದ ಓಡಾಟ ನೋಡಿ ಊಹಿಸುವ ಅಂಕಿ. ಮೆಲ್ಲಗೆ ಓಡಿಸಿದವರ ಕಾರಿನಲ್ಲಿ ಅದು ಹೆಚ್ಚೇ ತೋರಿಸುತ್ತದೆ. ಮನೆಯ ಚಾರ್ಜಿಂಗ್ ಮೀಟರಿನ ಲೆಕ್ಕ ಇದಕ್ಕಿಂತ ವಾಸಿ. ನೆಕ್ಸಾನ್ ಇವಿಯ ಹಳೆಯ ಮಾಡೆಲ್ ತೆಗೆದುಕೊಳ್ಳಿ, ಅದರ ಪ್ಯಾಕ್ 30.2 ಯೂನಿಟ್ಟಿನದು. ಶೇ. 20ಕ್ಕೆ ಇಳಿಸಿ, ರಾತ್ರಿ 15 ಆಂಪ್ ಪ್ಲಗ್ಗಿಗೆ ಹಾಕಿ ನೂರಕ್ಕೆ ತುಂಬಿಸಿದರೆ ಪ್ಯಾಕಿನೊಳಗೆ ಹೋಗಬೇಕಾದ್ದು ಸುಮಾರು 24 ಯೂನಿಟ್. ಚಾರ್ಜರಿನಲ್ಲಿ, ವೈರಿನಲ್ಲಿ ಶಾಖವಾಗಿ ಹತ್ತರಲ್ಲೊಂದು ಪಾಲು ಹೋಗುತ್ತದೆ ಎಂದಿಟ್ಟುಕೊಂಡರೆ ಗೋಡೆಯ ಮೀಟರ್ 27ರ ಹತ್ತಿರ ತೋರಿಸಬೇಕು. 23 ಮಾತ್ರ ತೋರಿಸಿದರೆ ಪ್ಯಾಕ್ ಸುಮಾರು ಶೇ. 86ಕ್ಕೆ ಇಳಿದಿದೆ ಎಂದರ್ಥ. ಎಂಟು ಗಂಟೆಯ ಕೆಲಸ, ಖರ್ಚು ಇನ್ನೂರು ರೂಪಾಯಿಯ ಒಳಗೆ. ಒಂದು ಎಚ್ಚರಿಕೆ: ಎಲ್‌ಎಫ್‌ಪಿ ಸೆಲ್ಲಿನ ವೋಲ್ಟೇಜು ನಡುವೆ ಹೆಚ್ಚು ಏರಿಳಿಯುವುದಿಲ್ಲ, ಹಾಗಾಗಿ ಎಷ್ಟು ತುಂಬಿದೆ ಎಂಬ ಲೆಕ್ಕದಲ್ಲಿ ಕಾರು ತಪ್ಪುವುದುಂಟು. ಅಳೆಯುವ ಮೊದಲು ಒಂದೆರಡು ಸಲ ಪೂರ್ತಿ ನೂರಕ್ಕೆ ತುಂಬಿಸಿರಬೇಕು.

ಕೊಳ್ಳುವವರು: ಮಾರುವವರು ಒಂದು ರಾತ್ರಿ ಕಾರು ಬಿಟ್ಟುಕೊಡುತ್ತಾರೆಯೇ?

ಪರೀಕ್ಷಕರು: ಅವರ ಮನೆಯಲ್ಲೇ ಆಗಲಿ. ಅದಕ್ಕೂ ಒಪ್ಪದವರ ಕಾರು ಬಿಟ್ಟುಬಿಡಿ. ಇನ್ನೊಂದು ದಾರಿ ಕಂಪನಿಯ ಸರ್ವಿಸ್ ಸೆಂಟರಿನ ಸ್ಟೇಟ್ ಆಫ್ ಹೆಲ್ತ್ ವರದಿ, ಎಸ್‌ಒಎಚ್ ಅನ್ನುತ್ತಾರೆ. ಸೀಲು, ದಿನಾಂಕ, ಚಾಸಿ ನಂಬರ್ ಇರಬೇಕು. ಸ್ಟಿಯರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ ಸ್ಕ್ಯಾನರ್ ಚುಚ್ಚಿ ಸೆಲ್‌ಗಳ ವೋಲ್ಟೇಜ್ ನಾವು ನೋಡುತ್ತೇವೆ. ಎಲ್ಲವೂ ಒಂದೇ ಸಮ ಇದ್ದು ಒಂದೇ ಒಂದು ಸೆಲ್ ಎದ್ದು ಕಾಣುವಷ್ಟು ಕೆಳಗಿದ್ದರೆ ಒಟ್ಟು ಸಾಮರ್ಥ್ಯ ಚೆನ್ನಾಗಿದ್ದರೂ ಆ ಕಾರು ಬೇಡ, ಪ್ಯಾಕ್ ನಿಲ್ಲುವುದು ಆ ಸೆಲ್ ನಿಂತಲ್ಲಿಗೇ. ಆಮೇಲೆ ಕಾರನ್ನು ಲಿಫ್ಟಿಗೆ ಏರಿಸಬೇಕು. ಪ್ಯಾಕಿನ ತಟ್ಟೆ ಇರುವುದು ನೆಲದ ಕಡೆ, ನಮ್ಮ ರಸ್ತೆಯ ಹಂಪುಗಳು ಅದನ್ನೇ ಹುಡುಕಿ ಹೊಡೆಯುತ್ತವೆ. ತಟ್ಟೆ ತಗ್ಗಿದ್ದರೆ, ಬೋಲ್ಟಿಗೆ ಹೊಸ ಬಣ್ಣ ಬಳಿದಿದ್ದರೆ ಕಾರಣ ಕೇಳಿ. ಮಳೆಗಾಲದಲ್ಲಿ ನೆಲಮಾಳಿಗೆಯ ನೀರಲ್ಲಿ ನಿಂತಿತ್ತೇ ಎಂಬುದು ವಿಮೆಯ ಕ್ಲೇಮ್ ದಾಖಲೆಯಲ್ಲಿ ಸಿಗುತ್ತದೆ.

ಕೊಳ್ಳುವವರು: ಇದನ್ನೆಲ್ಲ ನೀವೂ ನಾವೂ ಮಾಡುವ ಬದಲು ಕಾನೂನೇ ಕಡ್ಡಾಯ ಮಾಡಬಾರದೇ?

ಪರೀಕ್ಷಕರು: ಬೇರೆ ಕಡೆ ಶುರುವಾಗಿದೆ. ವಿಶ್ವಸಂಸ್ಥೆಯ ಚೌಕಟ್ಟಿನಲ್ಲಿ 2022ರಲ್ಲಿ ಒಪ್ಪಿದ ಜಾಗತಿಕ ನಿಯಮವೊಂದು ಐದು ವರ್ಷ ಅಥವಾ 1 ಲಕ್ಷ ಕಿಲೋಮೀಟರಿಗೆ ಶೇ. 80, ಎಂಟು ವರ್ಷ ಅಥವಾ 1.6 ಲಕ್ಷಕ್ಕೆ ಶೇ. 70 ಉಳಿದಿರಬೇಕು ಅನ್ನುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2027ರ ಫೆಬ್ರವರಿಯಿಂದ ಇವಿ ಬ್ಯಾಟರಿಗಳಿಗೆ ಡಿಜಿಟಲ್ ಪಾಸ್‌ಪೋರ್ಟ್ ಬರುತ್ತದೆ. ನಮ್ಮಲ್ಲಿ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ 2022ರ ನಂತರ ಸುರಕ್ಷತೆಯ ಪರೀಕ್ಷೆ ಬಿಗಿಯಾಯಿತು, ಅದೇ ವರ್ಷ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳೂ ಬಂದವು. ಮಾರುವಾಗ ಆರೋಗ್ಯ ಪತ್ರ ಕೊಡಲೇಬೇಕೆಂಬ ನಿಯಮ ಬಂದರೆ ಹಳೆಯ ಇವಿಯ ಬೆಲೆಗೆ ಯಾವ ಸಬ್ಸಿಡಿಗಿಂತಲೂ ಹೆಚ್ಚು ಉಪಕಾರ ಆಗುತ್ತದೆ. ಇವತ್ತು ವ್ಯಾಪಾರಿ ಬೆಲೆ ಮುರಿಯುತ್ತಿರುವುದು ಸವೆದ ಬ್ಯಾಟರಿಗಲ್ಲ, ಎಷ್ಟು ಸವೆದಿದೆಯೋ ತನಗೆ ಗೊತ್ತಿಲ್ಲ ಎಂಬುದಕ್ಕೆ. ಅಮೆರಿಕದಲ್ಲಿ ಷೆವರ್ಲೆ ಬೋಲ್ಟ್ ಕಾರುಗಳ ಬ್ಯಾಟರಿಗೆ ಬೆಂಕಿ ಬೀಳುತ್ತಿದೆ ಎಂದು 2021ರಲ್ಲಿ ಎಲ್ಲವನ್ನೂ ವಾಪಸು ಕರೆದರು. ಹೊಸ ಬ್ಯಾಟರಿ ಹಾಕಿಸಿಕೊಂಡ ಹಳೆಯ ಬೋಲ್ಟ್‌ಗಳನ್ನು ಆಮೇಲೆ ಜನ ಹುಡುಕಿಕೊಂಡು ಹೋಗಿ ಕೊಂಡರು. ಕಾರಿನ ಹೆಸರು ಕೆಟ್ಟಿತ್ತು, ಆದರೆ ಬ್ಯಾಟರಿಯ ವಯಸ್ಸು ಎಷ್ಟೆಂದು ಖಚಿತವಾಗಿ ಗೊತ್ತಿತ್ತು.

ಕೊಳ್ಳುವವರು: ವಿಮೆಯವರು ಬೆಲೆ ಹೇಗೆ ಕಟ್ಟುತ್ತಾರೆ?

ಪರೀಕ್ಷಕರು: ಪೆಟ್ರೋಲ್ ಕಾರಿನ ಕೋಷ್ಟಕವೇ. ಮೂರು ದಾಟಿ ನಾಲ್ಕು ತುಂಬದ ಕಾರಿಗೆ ಶೇ. 40 ಕಡಿತ, ಐದರ ಒಳಗೆ ಶೇ. 50. ಅದೂ ಹೊಸ ಕಾರಿನ ಈಗಿನ ಪಟ್ಟಿ ಬೆಲೆಯ ಮೇಲೆ, ನೀವು ಕೊಟ್ಟ ಬೆಲೆಯ ಮೇಲೆ ಅಲ್ಲ. ಬ್ಯಾಟರಿಗೆ ಪ್ರತ್ಯೇಕ ಆಡ್-ಆನ್ ಇದೆಯೇ ನೋಡಿ, ಇದ್ದರೆ ಹಾಕಿಸಿ.

ಕೊಳ್ಳುವವರು: ಕೊನೆಗೆ ಒಂದು ಮಾತು ಹೇಳಿ, ಆ ಒಂಬತ್ತು ಲಕ್ಷದ ಕಾರು ತೆಗೆದುಕೊಳ್ಳಬಹುದೇ?

ಪರೀಕ್ಷಕರು: ಮನೆಯಲ್ಲಿ ಪ್ಲಗ್ ಇದ್ದು, ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರ್ ಓಡಾಟವಿದ್ದು, ಅಳೆದಾಗ ಶೇ. 90ರ ಹತ್ತಿರ ಬಂದು, ವಾರಂಟಿ ಇನ್ನು ನಾಲ್ಕೈದು ವರ್ಷ ಇದ್ದರೆ ತೆಗೆದುಕೊಳ್ಳಿ. ಹದಿನೇಳರಿಂದ ಒಂಬತ್ತಕ್ಕೆ ಬಿದ್ದ ನಷ್ಟ ಹಿಂದಿನವರದು, ನಿಮ್ಮದಲ್ಲ. ಮನೆಯ ಕರೆಂಟು ಯೂನಿಟ್ಟಿಗೆ 7 ರೂಪಾಯಿ, ಒಂದು ಯೂನಿಟ್ಟಿಗೆ ಏಳು ಕಿಲೋಮೀಟರ್ ಎಂದು ಹಿಡಿದರೆ ಕಿಲೋಮೀಟರಿಗೆ ಒಂದು ರೂಪಾಯಿ ಬೀಳುತ್ತದೆ. ಲೀಟರಿಗೆ ಹದಿನೈದು ಕೊಡುವ ಪೆಟ್ರೋಲ್ ಕಾರಿನಲ್ಲಿ ಆರಕ್ಕೂ ಹೆಚ್ಚು. ಆದರೆ ಏಳೆಂಟು ವರ್ಷ ಇಟ್ಟುಕೊಳ್ಳುವ ಮನಸ್ಸು ಮಾಡಿಯೇ ಕೊಳ್ಳಿ. ಎರಡು ವರ್ಷಕ್ಕೆ ಮತ್ತೆ ಮಾರುವ ಯೋಚನೆ ಇದ್ದರೆ, ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುವವರಾದರೆ, ವಾರವಾರ ಚಾರ್ಜರ್ ಇಲ್ಲದ ಊರಿಗೆ ಹೋಗಬೇಕಾದರೆ ಪೆಟ್ರೋಲ್ ಕಾರೇ ಸರಿ. ಇನ್ನೊಂದು: ವಾರಂಟಿ ನಿಮ್ಮ ಹೆಸರಿಗೆ ವರ್ಗವಾದ ಪತ್ರ ಕೈಗೆ ಬರುವ ತನಕ ಅಡ್ವಾನ್ಸ್ ಕೊಡಬೇಡಿ, ಆಮೇಲೆ ಮಾಡಿಸಿಕೊಡುತ್ತೇನೆ ಎಂದು ಯಾರೇ ಹೇಳಲಿ.